ಮೂತ್ರದ ಸಿಹಿ: ರೋಗಲಕ್ಷಣವೊಂದು ಔಷಧದ ದಾರಿಯಾದ ಚರಿತ್ರೆ

ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡರೆ ಅದು ರೋಗದ ಗುರುತು ಎಂಬುದು ವೈದ್ಯಶಾಸ್ತ್ರದ ಅತ್ಯಂತ ಹಳೆಯ ತಿಳಿವಳಿಕೆಗಳಲ್ಲಿ ಒಂದು. ಶತಮಾನಗಳ ಕಾಲ ವೈದ್ಯರು ಆ ಸಿಹಿಯನ್ನು ಕಂಡು ಆತಂಕಪಟ್ಟಿದ್ದಾರೆ, ಅದು ಇಲ್ಲವಾದಾಗ ಚಿಕಿತ್ಸೆ ಫಲಿಸಿತೆಂದು ನೆಮ್ಮದಿ ತಾಳಿದ್ದಾರೆ. ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಬಳಕೆಗೆ ಬಂದ ಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳು ಈ ಲೆಕ್ಕಾಚಾರವನ್ನೇ ತಿರುವಿಹಾಕಿದವು. ರಕ್ತದ ಸಕ್ಕರೆಯನ್ನು ಬೇಕೆಂದೇ ಮೂತ್ರಕ್ಕೆ ಹರಿಯಬಿಡುವ ಈ ಔಷಧಗಳು ಮಧುಮೇಹವನ್ನು ಹತೋಟಿಗೆ ತರುವುದರ ಜೊತೆಗೆ, ಮಧುಮೇಹದಿಂದ ಸವೆಯುವ ಮೂತ್ರಪಿಂಡವನ್ನೂ ಕಾಯುತ್ತವೆ ಎಂಬುದು ಕೆಲವೇ ವರ್ಷಗಳಲ್ಲಿ ಖಚಿತವಾಯಿತು. ಈ ಮಾತ್ರೆಗಳ ಪೂರ್ವೇತಿಹಾಸವನ್ನು ಹುಡುಕಿಕೊಂಡು ಹೋದರೆ ಎದುರಾಗುವುದು ಸೇಬಿನ ಬೇರಿನ ತೊಗಟೆಯಲ್ಲಿದ್ದ ಒಂದು ಕಹಿ ಪದಾರ್ಥ. ಅದು ಔಷಧಕ್ಕೆ ಮಾದರಿಯಾಗುವ ಮೊದಲು ಸುಮಾರು ನೂರು ವರ್ಷ ಮೂತ್ರಪಿಂಡವನ್ನು ಅರಿಯುವ ಸಾಧನವಾಗಿ ದುಡಿಯಿತು. ತಿಳಿವಳಿಕೆ ಮೊದಲು ಬಂದು ಚಿಕಿತ್ಸೆ ಅದರ ಬೆನ್ನಿಗೆ ಬಂದ ಅಪರೂಪದ ಚರಿತ್ರೆ ಇದು.

ಇರುವೆ ಮುತ್ತಿದ ಗುರುತು

ಚರಕಸಂಹಿತೆಯು ಪ್ರಮೇಹವೆಂಬ ಮೂತ್ರವಿಕಾರವನ್ನು 20 ಬಗೆಯಾಗಿ ವಿಂಗಡಿಸುತ್ತದೆ. ಕಫದಿಂದ 10, ಪಿತ್ತದಿಂದ 6, ವಾತದಿಂದ 4 ಎಂದು ಎಣಿಸುವ ಆ ಗ್ರಂಥ ಮಧುಮೇಹವನ್ನು ವಾತಜನ್ಯವಾದ ಕೊನೆಯ ಗುಂಪಿಗೆ ಸೇರಿಸುತ್ತದೆ. ರೋಗ ಬಲಿಯುವ ಮುನ್ನ ಕಾಣುವ ಸೂಚನೆಗಳನ್ನು ಹೇಳುವಾಗ ರೋಗಿಯ ಮೈಗೂ ಮೂತ್ರಕ್ಕೂ ಇರುವೆಗಳು ಮುತ್ತುವುದನ್ನು ಹೆಸರಿಸುತ್ತದೆ. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಅರೆಟಿಯಸ್ ಈ ರೋಗದಲ್ಲಿ ಮಾಂಸವೇ ಕರಗಿ ಮೂತ್ರವಾಗಿ ಹರಿದುಹೋಗುತ್ತದೆ ಎಂದು ವರ್ಣಿಸಿದರೆ, ಅದೇ ಶತಮಾನದ ಗಲೆನ್ ಇದನ್ನು ಮೂತ್ರಪಿಂಡದ ರೋಗವೆಂದೇ ತೀರ್ಮಾನಿಸಿದ. ಕುಡಿದ ನೀರು ಮೂತ್ರವಾಗಿ ಹರಿದುಹೋಗುವ ರೋಗಕ್ಕೆ ಮೂತ್ರ ಹೊರಡುವ ಅಂಗವೇ ಕಾರಣವಿರಬೇಕು ಎಂಬ ಆ ತರ್ಕ ಯುರೋಪಿನ ವೈದ್ಯಶಾಸ್ತ್ರವನ್ನು ಬಹುಕಾಲ ಆಳಿತು.

ಈ ಆರೋಪದಿಂದ ಮೂತ್ರಪಿಂಡವನ್ನು ಬಿಡಿಸಿದ ಮೊದಲ ಪ್ರಯೋಗ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವೈದ್ಯ ಮ್ಯಾಥ್ಯೂ ಡಾಬ್ಸನ್ ನಡೆಸಿದ್ದು. ದಿನವೊಂದಕ್ಕೆ ಕೊಡಗಟ್ಟಲೆ ಮೂತ್ರ ಹೋಗುತ್ತಿದ್ದ ರೋಗಿಯೊಬ್ಬನ ಸುಮಾರು ಎರಡು ಲೀಟರ್ ಮೂತ್ರವನ್ನು ಆತ ಸಣ್ಣ ಉರಿಯಲ್ಲಿ ನೀರೆಲ್ಲ ಆರುವವರೆಗೆ ಕಾಯಿಸಿದಾಗ, ಪಾತ್ರೆಯ ತಳದಲ್ಲಿ ಬೆಳ್ಳನೆಯ ಗಟ್ಟಿ ಉಳಿಯಿತು. ಅದು ಬೆರಳುಗಳ ನಡುವೆ ಸುಲಭವಾಗಿ ಪುಡಿಯಾಗುತ್ತಿತ್ತು, ಕಂದು ಸಕ್ಕರೆಯ ವಾಸನೆ ಬೀರುತ್ತಿತ್ತು, ನಾಲಗೆಗೆ ಸಕ್ಕರೆಯಂತೆಯೇ ಇತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅದೇ ರೋಗಿಯ ರಕ್ತದ ತಿಳಿಯೂ ಸಿಹಿಯಾಗಿತ್ತು. ಮೂತ್ರಪಿಂಡವು ಸಕ್ಕರೆಯನ್ನು ಹುಟ್ಟಿಸುತ್ತಿಲ್ಲ, ರಕ್ತದಲ್ಲಿ ಮೊದಲೇ ಇರುವ ಸಕ್ಕರೆಯನ್ನು ಹೊರಹಾಕುತ್ತಿದೆಯಷ್ಟೆ ಎಂದು ಡಾಬ್ಸನ್ 1776ರಲ್ಲಿ ಪ್ರಕಟವಾದ ಬರಹದಲ್ಲಿ ತೀರ್ಮಾನಿಸಿದ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಯಕೃತ್ತು ಸಕ್ಕರೆಯನ್ನು ಕೂಡಿಟ್ಟು ರಕ್ತಕ್ಕೆ ಬಿಡುಗಡೆ ಮಾಡುತ್ತದೆಂದು ತೋರಿಸಿದ ಮೇಲೆ ಮಧುಮೇಹದ ಶೋಧನೆಯ ಗಮನ ಮೂತ್ರಪಿಂಡದಿಂದ ದೂರ ಸರಿಯಿತು.

ತೊಗಟೆಯ ಕಹಿ

ಇದೇ ಕಾಲದಲ್ಲಿ ಯುರೋಪಿನ ರಸಾಯನವಿಜ್ಞಾನಿಗಳು ಮರಗಳ ತೊಗಟೆಯಲ್ಲಿ ಜ್ವರದ ಮದ್ದನ್ನು ಅರಸುತ್ತಿದ್ದರು. ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಕ್ವಿನೈನ್ ಬೇರ್ಪಟ್ಟಿತ್ತು. ಕಹಿಯಾದ ತೊಗಟೆಯೆಲ್ಲ ಜ್ವರಕ್ಕೆ ಒಳ್ಳೆಯದಿರಬಹುದು ಎಂಬ ನಿರೀಕ್ಷೆ ಹಬ್ಬಿತ್ತು. ಇಂಥ ಹುಡುಕಾಟದಲ್ಲಿ 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಕಹಿ ಮಿಶ್ರಿತ ಸಿಹಿಯುಳ್ಳ ಹರಳಿನಂಥ ಪದಾರ್ಥವೊಂದು ದೊರೆಯಿತು. ಬೆಲ್ಜಿಯಂ ದೇಶದ ದ ಕೋನಿಂಕ್ ಮತ್ತು ಮುಂದೆ ಪರಮಾಣು ತೂಕಗಳ ನಿಖರ ಅಳತೆಗೆ ಹೆಸರಾದ ಜಾನ್ ಸ್ಟಾಸ್ ಇದನ್ನು ಪರಿಶೀಲಿಸಿದ ಮೊದಲಿಗರು. ಗ್ರೀಕ್ ಭಾಷೆಯಲ್ಲಿ ತೊಗಟೆ ಮತ್ತು ಬೇರು ಎಂಬ ಎರಡು ಮಾತುಗಳನ್ನು ಕೂಡಿಸಿ ಅದಕ್ಕೆ ಫ್ಲೋರಿಜಿನ್ ಎಂದು ಹೆಸರಿಟ್ಟರು. ಮಲೇರಿಯ ಮುಂತಾದ ಜ್ವರಗಳಿಗೆ ಅದನ್ನು ಕೊಟ್ಟು ನೋಡಿದರು. ಆದರೆ ಜ್ವರದ ಮದ್ದಾಗಿ ಅದು ನಿಲ್ಲಲಿಲ್ಲ.

ಫ್ಲೋರಿಜಿನ್‌ನ ನಿಜವಾದ ಗುಣ ಬೆಳಕಿಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಆಗ ಜರ್ಮನಿಯ ಆಳ್ವಿಕೆಯಲ್ಲಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಯೋಸೆಫ್ ಫಾನ್ ಮೆರಿಂಗ್ 1886ರಲ್ಲಿ ನಾಯಿಗಳಿಗೆ ಇದನ್ನು ಕೊಟ್ಟಾಗ ಅವುಗಳ ಮೂತ್ರದಲ್ಲಿ ಹೇರಳವಾಗಿ ಸಕ್ಕರೆ ಹರಿಯಿತು. ಅದೇ ಸಮಯದಲ್ಲಿ ರಕ್ತದಲ್ಲಿ ಸಕ್ಕರೆ ಏರಿರಲಿಲ್ಲ. ಮಧುಮೇಹದಲ್ಲಿ ರಕ್ತದ ಸಕ್ಕರೆ ಉಕ್ಕಿ ಮೂತ್ರಕ್ಕೆ ಚೆಲ್ಲುತ್ತದೆ. ಇಲ್ಲಿ ರಕ್ತದಲ್ಲಿ ಹೆಚ್ಚದೆಯೇ ಚೆಲ್ಲುತ್ತಿತ್ತು. ಹಾಗಾದರೆ ಸಕ್ಕರೆಯನ್ನು ತಡೆದು ಹಿಡಿಯುವ ಯಾವುದೋ ಶಕ್ತಿ ಮೂತ್ರಪಿಂಡದಲ್ಲೇ ಇದ್ದು, ಫ್ಲೋರಿಜಿನ್ ಅದನ್ನು ಕಟ್ಟಿಹಾಕುತ್ತಿದೆ ಎಂಬ ಊಹೆಗೆ ದಾರಿಯಾಯಿತು.

ಮೂರು ವರ್ಷಗಳ ಬಳಿಕ, 1889ರಲ್ಲಿ, ಅದೇ ಫಾನ್ ಮೆರಿಂಗ್ ಆಸ್ಕರ್ ಮಿಂಕೋವ್‌ಸ್ಕಿಯ ಜೊತೆಗೂಡಿ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ತೀವ್ರ ಮಧುಮೇಹ ಬಂದಿತು. ಈ ಎರಡನೆಯ ಪ್ರಯೋಗ 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆಯುವವರೆಗೆ ಸಾಗಿದ ದಾರಿಯ ಮೊದಲ ಮೈಲುಗಲ್ಲು. ಇನ್ಸುಲಿನ್ ಪ್ರಾಣ ಉಳಿಸಿತು, ಲೋಕಪ್ರಸಿದ್ಧವಾಯಿತು. ಫ್ಲೋರಿಜಿನ್ ಪ್ರಯೋಗಶಾಲೆಯಲ್ಲಿ ಉಳಿಯಿತು. ಆಧುನಿಕ ಮಧುಮೇಹ ಚಿಕಿತ್ಸೆಯ ಎರಡು ದೊಡ್ಡ ಧಾರೆಗಳ ಮೂಲದಲ್ಲಿ ಒಂದೇ ಊರಿನ ಒಬ್ಬನೇ ವೈದ್ಯ ಇದ್ದುದು, ಅವುಗಳಲ್ಲಿ ಒಂದು ಮಾತ್ರ ಆ ಕಾಲಕ್ಕೆ ಅರ್ಥವಾದುದು ಈ ಚರಿತ್ರೆಯ ಒಂದು ಮುಖ್ಯ ಸಂಗತಿ.

ಪ್ರಯೋಗಶಾಲೆಯಲ್ಲಿ ಅದು ಸುಮ್ಮನಿರಲಿಲ್ಲ. ದೇಹವು ಆಹಾರವನ್ನು ಒಡೆದು ಶಕ್ತಿಯಾಗಿಸಿಕೊಳ್ಳುವ ಮತ್ತು ಒಂದು ಪದಾರ್ಥದಿಂದ ಇನ್ನೊಂದನ್ನು ಕಟ್ಟಿಕೊಳ್ಳುವ ಕ್ರಿಯೆಗಳ ಒಟ್ಟು ಹೆಸರು ಚಯಾಪಚಯ. ಅಮೆರಿಕದ ಗ್ರಹಾಂ ಲಸ್ಕ್ ಉಪವಾಸದಲ್ಲಿರಿಸಿದ ನಾಯಿಗಳಿಗೆ ಫ್ಲೋರಿಜಿನ್ ಕೊಟ್ಟು ಮೂತ್ರದಲ್ಲಿ ಹೋಗುವ ಸಕ್ಕರೆಯನ್ನೂ ಸಾರಜನಕವನ್ನೂ ಅಳೆದಾಗ, ಒಂದು ಗ್ರಾಂ ಸಾರಜನಕಕ್ಕೆ ಸುಮಾರು 3.65 ಗ್ರಾಂ ಸಕ್ಕರೆ ಹೋಗುತ್ತಿತ್ತು. ಸಾರಜನಕ ಬರುವುದು ಪ್ರೋಟೀನ್ ಒಡೆಯುವುದರಿಂದ. ಆದ್ದರಿಂದ ಹೊರಗಿನಿಂದ ಸಕ್ಕರೆ ಸಿಗದಾಗ ದೇಹ ತನ್ನ ಪ್ರೋಟೀನಿನಿಂದಲೇ ಸಕ್ಕರೆಯನ್ನು ತಯಾರಿಸಿಕೊಳ್ಳುತ್ತದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಯಿತು. ಸಕ್ಕರೆ ಸೋರಿಹೋದರೆ ದೇಹ ಕೈಕಟ್ಟಿ ಕೂರುವುದಿಲ್ಲ ಎಂಬ ಈ ಪಾಠ ನೂರು ವರ್ಷಗಳ ಬಳಿಕ ಹೊಸ ಮಾತ್ರೆಗಳ ಕೆಲಸವನ್ನು ಅರಿಯುವಾಗ ಮತ್ತೆ ಮುಂದೆ ಬಂದಿತು.

ಕಪ್ಪೆಯ ಮೂತ್ರಪಿಂಡದೊಳಗೆ

ಫ್ಲೋರಿಜಿನ್ ಏನನ್ನು ಕಟ್ಟಿಹಾಕುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೂತ್ರ ಹೇಗೆ ಹುಟ್ಟುತ್ತದೆಂಬುದು ಮೊದಲು ತಿಳಿಯಬೇಕಿತ್ತು. ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನ್‌ನ ತುದಿಯಲ್ಲಿ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಉಂಡೆ, ಅದರಿಂದ ಹೊರಡುವ ಅಂಕುಡೊಂಕಾದ ನಾಳಿಕೆ. 1840ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ರಕ್ತದ ನೀರು ಈ ಉಂಡೆಯಲ್ಲಿ ಸೋಸಿ ಇಳಿಯುತ್ತದೆ, ದೇಹಕ್ಕೆ ಬೇಕಾದುದು ನಾಳಿಕೆಯಲ್ಲಿ ಮರಳಿ ಹೀರಿಕೆಯಾಗುತ್ತದೆ ಎಂದು ಪ್ರತಿಪಾದಿಸಿದರೆ, ಮುಂದೆ ರುಡಾಲ್ಫ್ ಹೈಡನ್‌ಹೈನ್ ನಾಳಿಕೆಯ ಜೀವಕೋಶಗಳೇ ಮೂತ್ರವನ್ನು ಸ್ರವಿಸುತ್ತವೆ ಎಂದು ವಾದಿಸಿದ. ಕಣ್ಣಿಗೆ ಕಾಣದ ಜಾಗದಲ್ಲಿ ನಡೆಯುವ ಕೆಲಸದ ಬಗೆಗಿನ ಈ ವಿವಾದ ದಶಕಗಟ್ಟಲೆ ಇತ್ಯರ್ಥವಾಗಲಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಎ. ಎನ್. ರಿಚರ್ಡ್ಸ್ ಮತ್ತು ಜೋಸೆಫ್ ವರ್ನ್ ಇದಕ್ಕೆ ಉತ್ತರ ಕಂಡುಕೊಂಡ ಬಗೆ ಕೈಚಳಕದ ದೊಡ್ಡ ಸಾಧನೆ. ಅವರು ಬದುಕಿರುವ ಕಪ್ಪೆಯ ಮೂತ್ರಪಿಂಡವನ್ನು ಸೂಕ್ಷ್ಮದರ್ಶಕದಡಿ ಇರಿಸಿ, ಗಾಜಿನ ಕೊಳವೆಯೊಂದನ್ನು ಕೂದಲಿಗಿಂತ ಸಣ್ಣ ಮೊನೆಯಾಗಿ ಎಳೆದು, ಅದನ್ನು ಒಂದೇ ಒಂದು ಗ್ಲೊಮೆರುಲಸ್‌ನ ಸುತ್ತಲಿನ ಚೀಲದೊಳಗೆ ತೂರಿಸಿ, ಅಲ್ಲಿ ಸೋಸಿಬಂದ ದ್ರವದ ಒಂದು ಕಿರುಹನಿಯನ್ನು ಹೀರಿ ಪರೀಕ್ಷಿಸಿದರು. ಆ ಹನಿಯಲ್ಲಿ ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿದ್ದ ಮೂತ್ರದಲ್ಲಿ ಸಕ್ಕರೆ ಇರಲಿಲ್ಲ. ಸೋಸಿದ ಸಕ್ಕರೆ ದಾರಿಯಲ್ಲಿ ಎಲ್ಲೋ ಮರಳಿ ರಕ್ತಕ್ಕೆ ಸೇರುತ್ತಿದೆ ಎಂಬುದಕ್ಕೆ 1924ರ ಆ ಹನಿ ನೇರ ಸಾಕ್ಷಿಯಾಯಿತು, ಲುಡ್ವಿಗ್‌ನ ವಾದ ಗೆದ್ದಿತು. ನಾಳಿಕೆಯ ಬೇರೆ ಬೇರೆ ಕಡೆಗಳಲ್ಲಿ ಹೀಗೆಯೇ ಹನಿ ತೆಗೆದ ಮುಂದಿನ ಪ್ರಯೋಗಗಳು ಮರುಹೀರಿಕೆ ನಡೆಯುವುದು ನಾಳಿಕೆಯ ಆರಂಭದ ಭಾಗದಲ್ಲಿ ಎಂದು ತೋರಿಸಿಕೊಟ್ಟವು.

ನ್ಯೂಯಾರ್ಕಿನ ಹೋಮರ್ ಸ್ಮಿತ್ ಮತ್ತು ಸಂಗಡಿಗರು 1933ರಲ್ಲಿ ಇದನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಫ್ಲೋರಿಜಿನ್ ಅನ್ನು ರಕ್ತನಾಳಕ್ಕೆ ಚುಚ್ಚಿದಾಗ ಸಕ್ಕರೆಯ ಮರುಹೀರಿಕೆ ನಿಂತು, ಸೋಸಿದ ಸಕ್ಕರೆಯೆಲ್ಲ ಮೂತ್ರಕ್ಕೆ ಬಂದಿತು. ಈ ಶೋಧನೆಗಳಿಂದ ರೂಪುಗೊಂಡ ಲೆಕ್ಕ ಈಗ ಪಠ್ಯಪುಸ್ತಕಗಳಲ್ಲಿದೆ. ಆರೋಗ್ಯವಂತ ವಯಸ್ಕರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅದರೊಡನೆ ಸುಮಾರು 180 ಗ್ರಾಂ ಗ್ಲೂಕೋಸ್ ನಾಳಿಕೆಗೆ ಇಳಿಯುತ್ತದೆ, ಹೆಚ್ಚುಕಡಿಮೆ ಅಷ್ಟೂ ಮರಳಿ ರಕ್ತಕ್ಕೆ ಸೇರುತ್ತದೆ. ರಕ್ತದ ಗ್ಲೂಕೋಸ್ ಒಂದು ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ಮಟ್ಟವನ್ನು ದಾಟಿದಾಗ ಮಾತ್ರ ನಾಳಿಕೆಯ ಕೈಮೀರಿ ಮೂತ್ರ ಸಿಹಿಯಾಗುತ್ತದೆ.

ಜೋಡಿ ಸಾಗಣೆಯ ಗುಟ್ಟು

ನಾಳಿಕೆಯ ಜೀವಕೋಶ ಸಕ್ಕರೆಯನ್ನು ಒಳಗೆಳೆಯುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಉಳಿದಿತ್ತು. 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ವಿಚಾರಸಂಕಿರಣದಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಕರುಳಿನ ಜೀವಕೋಶಗಳ ಅಧ್ಯಯನದ ಆಧಾರದ ಮೇಲೆ ಉತ್ತರವನ್ನು ಮಂಡಿಸಿದ. ಜೀವಕೋಶವು ಸೋಡಿಯಂ ಅನ್ನು ಸದಾ ಹೊರದಬ್ಬುತ್ತಿರುತ್ತದೆ. ಹೊರಗೆ ದಟ್ಟವಾದ ಸೋಡಿಯಂ ಒಳಗೆ ನುಗ್ಗಲು ತವಕಿಸುತ್ತದೆ. ಕೋಶಪೊರೆಯಲ್ಲಿರುವ ಸಾಗಣೆ ಪ್ರೋಟೀನ್ ಒಂದು ಸೋಡಿಯಂನ ಆ ನುಗ್ಗಾಟವನ್ನೇ ಬಳಸಿಕೊಂಡು ಸಕ್ಕರೆಯನ್ನು ಜೊತೆಯಲ್ಲಿ ಒಳತರುತ್ತದೆ. ಇದಕ್ಕೆ ಜೋಡಿ ಸಾಗಣೆ ಎನ್ನಬಹುದು. ಫ್ಲೋರಿಜಿನ್ ಸಕ್ಕರೆಯ ಜಾಗವನ್ನು ತಾನೇ ಆಕ್ರಮಿಸಿ ಈ ಪ್ರೋಟೀನನ್ನು ತಡೆಯುತ್ತದೆಂಬುದೂ ಇದರ ಬೆನ್ನಿಗೆ ಸ್ಪಷ್ಟವಾಯಿತು.

ಈ ತತ್ತ್ವದ ಮೊದಲ ದೊಡ್ಡ ಫಲ ದೊರೆತದ್ದು ಭಾರತದ ನೆಲದಲ್ಲಿ. 1971ರಲ್ಲಿ ಪಶ್ಚಿಮ ಬಂಗಾಳದ ಬಾಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನೋಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸುವ ಚಿಕಿತ್ಸೆಯನ್ನು ವ್ಯಾಪಕವಾಗಿ ಬಳಸಿ, ಸುಮಾರು 30 ಪ್ರತಿಶತದಷ್ಟಿದ್ದ ಸಾವಿನ ಪ್ರಮಾಣವನ್ನು 4 ಪ್ರತಿಶತಕ್ಕಿಂತ ಕೆಳಗಿಳಿಸಿದರು. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಸೇರುವಾಗ ನೀರೂ ಹಿಂಬಾಲಿಸುವುದರಿಂದಲೇ ಓಆರ್‌ಎಸ್ ಎಂಬ ಆ ಪುಟ್ಟ ಪೊಟ್ಟಣ ಕೆಲಸ ಮಾಡುತ್ತದೆ. ಕರುಳಿನ ಜೋಡಿ ಸಾಗಣೆಯನ್ನು ದುಡಿಸಿಕೊಳ್ಳುವುದು ಓಆರ್‌ಎಸ್, ಮೂತ್ರಪಿಂಡದ ಜೋಡಿ ಸಾಗಣೆಯನ್ನು ತಡೆಯುವುದು ಗ್ಲಿಫ್ಲೋಜಿನ್. ಎರಡಕ್ಕೂ ತಾಯಿಬೇರು ಒಂದೇ.

ಕರುಳಿನ ಪ್ರೋಟೀನಿನ ಜೀನ್ ಅನ್ನು 1987ರಲ್ಲಿ ಅಮೆರಿಕದ ಅರ್ನೆಸ್ಟ್ ರೈಟ್ ಅವರ ತಂಡ ಗುರುತಿಸಿತು. ಅದಕ್ಕೆ ಎಸ್‌ಜಿಎಲ್‌ಟಿ-1 ಎಂದು ಹೆಸರಾಯಿತು. ಮೂತ್ರಪಿಂಡದ ಎಸ್‌ಜಿಎಲ್‌ಟಿ-2 ಪ್ರೋಟೀನಿನ ಗುಣಗಳು 1994ರಲ್ಲಿ ನಿಶ್ಚಿತವಾದವು. ಸೋಸಿಬಂದ ಗ್ಲೂಕೋಸ್‌ನ ಸುಮಾರು 90 ಪ್ರತಿಶತವನ್ನು ನಾಳಿಕೆಯ ಮೊದಲ ಭಾಗದಲ್ಲಿ ಎಸ್‌ಜಿಎಲ್‌ಟಿ-2 ಮರಳಿ ಎಳೆದುಕೊಳ್ಳುತ್ತದೆ. ಉಳಿದುದನ್ನು ಮುಂದಿನ ಭಾಗದಲ್ಲಿ ಎಸ್‌ಜಿಎಲ್‌ಟಿ-1 ಹಿಡಿಯುತ್ತದೆ. ಹುಟ್ಟಿನಿಂದಲೇ ಎಸ್‌ಜಿಎಲ್‌ಟಿ-2 ಜೀನ್‌ನಲ್ಲಿ ದೋಷವಿರುವ ಕೆಲವು ಕುಟುಂಬಗಳವರ ಮೂತ್ರದಲ್ಲಿ ಸದಾ ಸಕ್ಕರೆ ಹೋಗುತ್ತಿದ್ದರೂ ಅವರು ಬಹುತೇಕ ಆರೋಗ್ಯವಾಗಿಯೇ ಬಾಳುತ್ತಾರೆ. ಈ ಪ್ರೋಟೀನನ್ನು ಔಷಧದಿಂದ ತಡೆದರೂ ಅಪಾಯವಾಗಲಾರದು ಎಂಬ ಭರವಸೆಯನ್ನು ನಿಸರ್ಗವೇ ಹೀಗೆ ಕೊಟ್ಟಿತ್ತು.

ಸಾಧನ ಔಷಧವಾದ ಬಗೆ

ಮಧುಮೇಹದ ಇಲಿಗಳಿಗೆ ಫ್ಲೋರಿಜಿನ್ ಕೊಟ್ಟು, ಮೂತ್ರದ ಮೂಲಕ ಸಕ್ಕರೆ ಹೊರಹೋದಾಗ ರಕ್ತದ ಸಕ್ಕರೆ ಇಳಿದು ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿಯೂ ಸುಧಾರಿಸುತ್ತದೆಂದು ರೊಸೆಟ್ಟಿ, ಡಿಫ್ರಾಂಜೊ ಮುಂತಾದವರು 1987ರಲ್ಲಿ ತೋರಿಸಿದರು. ಆದರೆ ಫ್ಲೋರಿಜಿನ್ ಅನ್ನೇ ಮಾತ್ರೆಯಾಗಿ ನುಂಗಿಸುವಂತಿರಲಿಲ್ಲ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವೇ ಕರುಳಿನಲ್ಲಿ ಅದನ್ನು ಒಡೆದುಬಿಡುತ್ತದೆ; ಅಲ್ಲದೆ ಅದು ಎಸ್‌ಜಿಎಲ್‌ಟಿ-1 ಅನ್ನೂ ತಡೆಯುವುದರಿಂದ ಕರುಳಿನಲ್ಲಿ ಸಕ್ಕರೆ ಹೀರಿಕೆಯಾಗದೆ ಭೇದಿ ಉಂಟಾಗಬಹುದು. ಕರುಳಿನಲ್ಲಿ ಒಡೆಯದ, ಎಸ್‌ಜಿಎಲ್‌ಟಿ-2 ಒಂದನ್ನೇ ಆರಿಸಿ ಹಿಡಿಯುವ ಅಣು ಬೇಕಾಗಿತ್ತು.

ಜಪಾನಿನ ತನಾಬೆ ಸೇಯಾಕು ಕಂಪನಿ 1990ರ ದಶಕದ ಕೊನೆಯಲ್ಲಿ ಟಿ-1095 ಎಂಬ ಅಣುವಿನಿಂದ ಈ ದಾರಿಯನ್ನು ತೆರೆಯಿತು. ಫ್ಲೋರಿಜಿನ್‌ನಲ್ಲಿ ಸಕ್ಕರೆಯ ಭಾಗವನ್ನು ಉಳಿದ ಭಾಗಕ್ಕೆ ಜೋಡಿಸುವುದು ಆಮ್ಲಜನಕದ ಕೊಂಡಿ, ಕಿಣ್ವ ಕಡಿಯುವುದು ಅದನ್ನೇ. ಆ ಕೊಂಡಿಯ ಬದಲು ಇಂಗಾಲದ ಕೊಂಡಿಯನ್ನು ಬಳಸಿದ ಡಾಪಾಗ್ಲಿಫ್ಲೋಜಿನ್ ಅನ್ನು ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಎಸ್‌ಜಿಎಲ್‌ಟಿ-1ಕ್ಕೆ ಹೋಲಿಸಿದರೆ ಎಸ್‌ಜಿಎಲ್‌ಟಿ-2ರ ಮೇಲೆ ಇದರ ಹಿಡಿತ ಸಾವಿರ ಪಟ್ಟಿಗೂ ಹೆಚ್ಚು. ಯುರೋಪಿನಲ್ಲಿ 2012ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರಿನ ಸಂದೇಹ ಎದ್ದುದರಿಂದ ಅಮೆರಿಕದ ಒಪ್ಪಿಗೆ 2014ರ ಜನವರಿಯವರೆಗೆ ತಡವಾಯಿತು. ಅಷ್ಟರಲ್ಲಿ ಕೆನಾಗ್ಲಿಫ್ಲೋಜಿನ್ 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಎಂಪಾಗ್ಲಿಫ್ಲೋಜಿನ್ 2014ರಲ್ಲಿ ಸೇರಿಕೊಂಡಿತು.

ಮೂತ್ರಪಿಂಡದ ದುಡಿಮೆ ಹಗುರವಾದುದು

ಈ ಮಾತ್ರೆಗಳು ಮೂತ್ರಪಿಂಡದೊಳಗೆ ಏನು ಮಾಡುತ್ತವೆಂಬುದನ್ನು ತಿಳಿಯಲು ಆ ಅಂಗದ ದುಡಿಮೆಯ ಭಾರವನ್ನು ಅರಿಯಬೇಕು. ದೇಹದ ತೂಕದಲ್ಲಿ ಅರ್ಧ ಪ್ರತಿಶತಕ್ಕೂ ಕಡಿಮೆ ಇರುವ ಎರಡು ಮೂತ್ರಪಿಂಡಗಳಿಗೆ ಹೃದಯ ಹೊರಹಾಕುವ ರಕ್ತದ ಸುಮಾರು ಐದನೆಯ ಒಂದು ಭಾಗ ಹರಿಯುತ್ತದೆ. ಅವು ಬಳಸುವ ಆಮ್ಲಜನಕದ ಬಹುಪಾಲು ಖರ್ಚಾಗುವುದು ಸೋಸಿದ ಸೋಡಿಯಂ ಅನ್ನು ಮರಳಿ ಎಳೆದುಕೊಳ್ಳುವುದಕ್ಕೆ. ಜೋಡಿ ಸಾಗಣೆಯಲ್ಲಿ ಒಳಬಂದ ಪ್ರತಿ ಸೋಡಿಯಂ ಕಣವನ್ನೂ ಜೀವಕೋಶದ ಇನ್ನೊಂದು ಬದಿಯಿಂದ ಪಂಪು ಹೊರದಬ್ಬಬೇಕು, ಆ ಪಂಪಿಗೆ ಇಂಧನ ಬೇಕು. ನಾಳಿಕೆಯ ಮೊದಲ ಭಾಗದ ಕೋಶಗಳು ತಾವು ಸಾಗಿಸುವ ಗ್ಲೂಕೋಸ್ ಅನ್ನು ಉರಿಸುವುದಿಲ್ಲ, ಮುಖ್ಯವಾಗಿ ಕೊಬ್ಬಿನಾಮ್ಲಗಳನ್ನು ಉರಿಸಿ ದುಡಿಯುತ್ತವೆ. ಅದಲ್ಲದೆ ಹೊಸದಾಗಿ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಸೇರಿಸುವ ಕೆಲಸವನ್ನೂ ಮಾಡುತ್ತವೆ.

ಮಧುಮೇಹದಲ್ಲಿ ಈ ದುಡಿಮೆ ಮಿತಿಮೀರುತ್ತದೆ. ಸೋಸಿ ಇಳಿಯುವ ಗ್ಲೂಕೋಸ್ ಹೆಚ್ಚಿದಂತೆ ಮರುಹೀರಿಕೆ ಹೆಚ್ಚುತ್ತದೆ, ಅದರೊಡನೆ ಸೋಡಿಯಂನ ಮರುಹೀರಿಕೆಯೂ ಹೆಚ್ಚುತ್ತದೆ. ನಾಳಿಕೆ ಮುಂದೆ ಸಾಗಿ ತನ್ನದೇ ಗ್ಲೊಮೆರುಲಸ್‌ನ ಪಕ್ಕಕ್ಕೆ ಮರಳಿ ಬರುವಲ್ಲಿ, ಹರಿದುಬರುವ ಉಪ್ಪಿನ ಪ್ರಮಾಣವನ್ನು ಅರಿಯುವ ಮ್ಯಾಕ್ಯುಲಾ ಡೆನ್ಸ ಎಂಬ ಕೋಶಗಳ ಗುಂಪೊಂದಿದೆ. ಅದರ ಕೆಲಸ ತೂಬಿನ ಕಾವಲುಗಾರನದು. ಉಪ್ಪು ಹೆಚ್ಚು ಬಂದರೆ ಗ್ಲೊಮೆರುಲಸ್‌ಗೆ ರಕ್ತ ತರುವ ನಾಳವನ್ನು ಸಂಕುಚಿಸಿ ಸೋಸುವಿಕೆಯನ್ನು ತಗ್ಗಿಸುತ್ತದೆ, ಕಡಿಮೆ ಬಂದರೆ ಸಡಿಲಿಸಿ ಹೆಚ್ಚಿಸುತ್ತದೆ. ಮಧುಮೇಹದಲ್ಲಿ ಉಪ್ಪು ಮೊದಲೇ ಹೀರಿಕೆಯಾಗಿ ಹೋಗಿರುವುದರಿಂದ ಈ ಕಾವಲುಗಾರನಿಗೆ ಕೊರತೆಯ ಸುಳ್ಳು ಸೂಚನೆ ತಲುಪುತ್ತದೆ. ರಕ್ತನಾಳ ಹಿಗ್ಗುತ್ತದೆ, ಗ್ಲೊಮೆರುಲಸ್‌ನ ಒತ್ತಡ ಏರುತ್ತದೆ. ಇಂಥ ಅತಿಸೋಸುವಿಕೆ ವರ್ಷಗಟ್ಟಲೆ ನಡೆದು ಮೂತ್ರಪಿಂಡವನ್ನೇ ಸವೆಸುತ್ತದೆಂದು ಬ್ಯಾರಿ ಬ್ರೆನ್ನರ್ 1980ರ ದಶಕದ ಆರಂಭದಲ್ಲೇ ಪ್ರತಿಪಾದಿಸಿದ್ದರು.

ಎಸ್‌ಜಿಎಲ್‌ಟಿ-2 ಅನ್ನು ತಡೆದಾಗ ಸಕ್ಕರೆಯೊಂದಿಗೆ ಸೋಡಿಯಂ ಕೂಡ ಮುಂದಕ್ಕೆ ಹರಿದು ಕಾವಲುಗಾರನನ್ನು ತಲುಪುತ್ತದೆ, ಸರಿಯಾದ ಸೂಚನೆ ಮರಳುತ್ತದೆ, ಒತ್ತಡ ಇಳಿಯುತ್ತದೆ. ಟೊರಾಂಟೊದ ಡೇವಿಡ್ ಚೆರ್ನಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿಸೋಸುವಿಕೆ ಇದ್ದ ಒಂದನೆಯ ಬಗೆಯ ಮಧುಮೇಹಿಗಳಲ್ಲಿ ನಿಮಿಷಕ್ಕೆ ಸರಾಸರಿ 172 ಮಿಲಿಲೀಟರ್ ಇದ್ದ ಸೋಸುವಿಕೆ ಎಂಪಾಗ್ಲಿಫ್ಲೋಜಿನ್ ಕೊಟ್ಟ ಮೇಲೆ 139ಕ್ಕೆ ಇಳಿಯಿತು. ಈ ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ಸೋಸುವಿಕೆಯ ಅಳತೆ ತುಸು ಕುಸಿಯುವುದಕ್ಕೂ, ಆಮೇಲಿನ ವರ್ಷಗಳಲ್ಲಿ ಸವೆತ ನಿಧಾನವಾಗುವುದಕ್ಕೂ ಮುಖ್ಯ ವಿವರಣೆ ಇದೇ. ಮೂತ್ರಪಿಂಡ ಸೋತುದರಿಂದ ಅಂಕಿ ಇಳಿದುದಲ್ಲ, ಹೊತ್ತಿದ್ದ ಹೆಚ್ಚಿನ ಹೊರೆಯನ್ನು ಇಳಿಸಿದುದರಿಂದ ಇಳಿದುದು.

ಚಯಾಪಚಯದ ಬದಲಾವಣೆ ಇಷ್ಟಕ್ಕೆ ಮುಗಿಯುವುದಿಲ್ಲ. ಮಧುಮೇಹಿಗಳಲ್ಲಿ ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಗ್ಲೂಕೋಸ್ ಮೂತ್ರದಲ್ಲಿ ಹೋಗುವುದರಿಂದ ದೇಹ ಉಪವಾಸದ ಸ್ಥಿತಿಗೆ ಹತ್ತಿರವಾಗಿ ವರ್ತಿಸತೊಡಗುತ್ತದೆ. ಲಸ್ಕ್‌ನ ನಾಯಿಗಳಲ್ಲಿ ಕಂಡಂತೆಯೇ ಒಳಗಿನ ಸಕ್ಕರೆ ತಯಾರಿಕೆ ಏರುತ್ತದೆ, ಇನ್ಸುಲಿನ್ ಮಟ್ಟ ತಗ್ಗುತ್ತದೆ, ಕೊಬ್ಬು ಕರಗಿ ಯಕೃತ್ತಿನಲ್ಲಿ ಕೀಟೋನ್ ಎಂಬ ಇಂಧನ ಹುಟ್ಟುತ್ತದೆ. ಆಮ್ಲಜನಕವನ್ನು ಮಿತವ್ಯಯದಿಂದ ಬಳಸುವ ಈ ಇಂಧನ ಹೃದಯಕ್ಕೂ ಮೂತ್ರಪಿಂಡಕ್ಕೂ ಒದಗುವುದರಿಂದ ರಕ್ಷಣೆ ದೊರೆಯುತ್ತದೆಂಬ ವಾದ 2016ರಿಂದ ಚರ್ಚೆಯಲ್ಲಿದೆ. 2020ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು, ಹೆಚ್ಚಿದ ಕೀಟೋನ್‌ಗಳು ಜೀವಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಎಂಟಾರ್‌ಸಿ-1 ಎಂಬ ವ್ಯವಸ್ಥೆಯ ಅತಿಚಟುವಟಿಕೆಯನ್ನು ತಗ್ಗಿಸಿ ಮೂತ್ರಪಿಂಡವನ್ನು ಕಾಯುತ್ತವೆಂದು ತೋರಿಸಿತು. ಮೂತ್ರಪಿಂಡದಲ್ಲಿ ಹುಟ್ಟಿ ಕೆಂಪುರಕ್ತಕಣಗಳ ಉತ್ಪಾದನೆಯನ್ನು ಪ್ರೇರೇಪಿಸುವ ಎರಿತ್ರೊಪೊಯೆಟಿನ್ ಹಾರ್ಮೋನೂ ಈ ಮಾತ್ರೆಗಳಿಂದ ಹೆಚ್ಚುತ್ತದೆ. ಮೊದಲ ಭಾಗದ ನಾಳಿಕೆಯ ಆಮ್ಲಜನಕದ ಖರ್ಚು ತಗ್ಗಿ ಸುತ್ತಲಿನ ಕೋಶಗಳು ಚೇತರಿಸಿಕೊಳ್ಳುವುದು ಇದಕ್ಕೆ ಕಾರಣವೆಂದು ಒಂದು ಪಕ್ಷ ಹೇಳಿದರೆ, ಸೋಡಿಯಂನ ಹೊರೆ ಮೂತ್ರಪಿಂಡದ ಒಳಭಾಗಕ್ಕೆ ಸರಿದು ಅಲ್ಲಿ ತುಸು ಆಮ್ಲಜನಕದ ಕೊರತೆ ಉಂಟಾಗುವುದು ಕಾರಣವೆಂದು ಇನ್ನೊಂದು ಪಕ್ಷ ಹೇಳುತ್ತದೆ.

ಸಾಕ್ಷ್ಯ, ಎಚ್ಚರ ಮತ್ತು ಕರ್ತವ್ಯ

ಮಧುಮೇಹಿಗಳ ಮೂತ್ರಪಿಂಡದಲ್ಲಿ ಉಂಟಾಗುವ ಗಂಟುಗಳನ್ನು ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ 1936ರಲ್ಲಿ ವರ್ಣಿಸಿದ ಬಳಿಕವೂ ಆ ಹಾನಿಯನ್ನು ನಿಧಾನಗೊಳಿಸುವ ಔಷಧ ದೊರೆಯಲು ದಶಕಗಳೇ ಹಿಡಿದವು. 1993ರಲ್ಲಿ ಕ್ಯಾಪ್ಟೊಪ್ರಿಲ್, 2001ರಲ್ಲಿ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಎಂಬ ರಕ್ತದೊತ್ತಡದ ಮಾತ್ರೆಗಳು ಆ ಕೆಲಸ ಮಾಡುತ್ತವೆಂದು ಸಿದ್ಧವಾದ ಮೇಲೆ ಸುಮಾರು 18 ವರ್ಷ ಹೊಸದೇನೂ ಸೇರಲಿಲ್ಲ. ಮಧುಮೇಹದ ಹೊಸ ಮಾತ್ರೆಗಳು ಹೃದಯಕ್ಕೆ ಕೆಡುಕು ಮಾಡುವುದಿಲ್ಲವೆಂದು ತೋರಿಸಬೇಕೆಂಬ ನಿಯಮವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಜಾರಿಗೆ ತಂದುದರಿಂದ ನಡೆದ, ಎಂಪಾಗ್ಲಿಫ್ಲೋಜಿನ್‌ನ ಎಂಪಾ-ರೆಗ್ ಅಧ್ಯಯನ, 2015ರಲ್ಲಿ ಎಲ್ಲರ ನಿರೀಕ್ಷೆಯನ್ನು ಮೀರಿದ ಫಲಿತಾಂಶವನ್ನು ಕೊಟ್ಟಿತು. 7,020 ರೋಗಿಗಳ ಆ ಅಧ್ಯಯನದಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದ ಸಾವಿನ ಅಪಾಯ 38 ಪ್ರತಿಶತ ಇಳಿದಿತ್ತು. ಮುಂದಿನ ವರ್ಷ ಅದೇ ಅಧ್ಯಯನದಿಂದ ಮೂತ್ರಪಿಂಡದ ಲಾಭವೂ ಹೊರಬಿತ್ತು.

ಮೂತ್ರಪಿಂಡವನ್ನೇ ಗುರಿಯಾಗಿಟ್ಟ ಕ್ರೆಡೆನ್ಸ್ ಅಧ್ಯಯನ 2019ರಲ್ಲಿ 4,401 ಮಧುಮೇಹಿಗಳಲ್ಲಿ ಕೆನಾಗ್ಲಿಫ್ಲೋಜಿನ್‌ನಿಂದ ಮುಖ್ಯ ಅಪಾಯ 30 ಪ್ರತಿಶತ ತಗ್ಗಿದುದನ್ನು ವರದಿ ಮಾಡಿತು. 2020ರ ಡಾಪಾ-ಸಿಕೆಡಿ ಅಧ್ಯಯನದ 4,304 ಮಂದಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಜನರಿಗೆ ಮಧುಮೇಹವೇ ಇರಲಿಲ್ಲ. ಅಲ್ಲಿ ಅಪಾಯ 39 ಪ್ರತಿಶತ ಇಳಿಯಿತು. 2022ರಲ್ಲಿ ಪ್ರಕಟವಾದ ಎಂಪಾ-ಕಿಡ್ನಿ ಅಧ್ಯಯನ 6,609 ಮಂದಿಯಲ್ಲಿ 28 ಪ್ರತಿಶತ ಇಳಿಕೆಯನ್ನು ಕಂಡಿತು. ಮೂತ್ರಪಿಂಡ ದುರ್ಬಲವಾದಷ್ಟೂ ಈ ಮಾತ್ರೆಗಳ ಸಕ್ಕರೆ ಇಳಿಸುವ ಶಕ್ತಿ ಕುಗ್ಗುತ್ತದೆ, ಆದರೆ ಮೂತ್ರಪಿಂಡವನ್ನು ಕಾಯುವ ಶಕ್ತಿ ಉಳಿಯುತ್ತದೆ. ರಕ್ಷಣೆ ಬರುವುದು ರಕ್ತದ ಸಕ್ಕರೆ ಇಳಿಯುವುದರಿಂದ ಮಾತ್ರವಲ್ಲ, ಮೂತ್ರಪಿಂಡದ ದುಡಿಮೆಯ ಸ್ವರೂಪ ಬದಲಾಗುವುದರಿಂದ ಎಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಉಪವಾಸವನ್ನು ಹೋಲುವ ಚಯಾಪಚಯಕ್ಕೆ ಅಪಾಯದ ಮುಖವೂ ಇದೆ. ರಕ್ತದ ಸಕ್ಕರೆ ಹೆಚ್ಚಿಲ್ಲದಿರುವಾಗಲೇ ಕೀಟೋನ್‌ಗಳು ಮಿತಿಮೀರಿ ರಕ್ತ ಆಮ್ಲೀಯವಾಗುವ ಕೀಟೊಅಸಿಡೋಸಿಸ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿತು. ಜನನಾಂಗದ ಶಿಲೀಂಧ್ರ ಸೋಂಕು ಈ ಮಾತ್ರೆಗಳಿಂದ ಸಾಮಾನ್ಯವಾಗಿ ಕಾಣುವ ತೊಂದರೆ. ವಾಂತಿಭೇದಿ, ತೀವ್ರ ಜ್ವರ, ದೀರ್ಘ ಉಪವಾಸ, ಶಸ್ತ್ರಚಿಕಿತ್ಸೆಯ ಸಂದರ್ಭಗಳಲ್ಲಿ ಇವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ವೈದ್ಯರ ಮಾತಿಲ್ಲದೆ ಅಂಗಡಿಯಿಂದ ಕೊಂಡು ನುಂಗುವ ಮಾತ್ರೆಗಳಲ್ಲ ಇವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಡಾಪಾಗ್ಲಿಫ್ಲೋಜಿನ್‌ನ ಮೂಲ ಪೇಟೆಂಟ್ ಭಾರತದಲ್ಲಿ 2020ರಲ್ಲೂ ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲೂ ಮುಗಿದುದರಿಂದ ಹಲವು ಕಂಪನಿಗಳ ಮಾತ್ರೆಗಳು ಬಂದು ಬೆಲೆ ಇಳಿದಿದೆ. ಔಷಧ ಈಗ ಸಾಮಾನ್ಯರ ಕೈಗೆ ಹತ್ತಿರವಾಗಿದೆ. ಆದರೆ ಮೂತ್ರಪಿಂಡದ ಸವೆತ ಆರಂಭದಲ್ಲಿ ನೋವನ್ನೂ ಊತವನ್ನೂ ತೋರಿಸದೆ ಸಾಗುತ್ತದೆ, ರೋಗಿ ಗಮನಿಸುವ ಹೊತ್ತಿಗೆ ಕೈ ಮೀರಿರುತ್ತದೆ. ಆದ್ದರಿಂದ ಪ್ರತಿಯೊಬ್ಬ ಮಧುಮೇಹಿಯೂ ವರ್ಷಕ್ಕೊಮ್ಮೆಯಾದರೂ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು, ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಆ ಎರಡು ಪರೀಕ್ಷೆಗಳು ತಪ್ಪದೆ ದೊರೆಯಬೇಕು. ಸೇಬಿನ ಬೇರಿನಲ್ಲಿ ಫ್ಲೋರಿಜಿನ್ ಕಂಡದ್ದು 1835ರಲ್ಲಿ; ಅದೇ ವಂಶದ ಡಾಪಾಗ್ಲಿಫ್ಲೋಜಿನ್‌ಗೆ ಮಧುಮೇಹವಿಲ್ಲದ ಮೂತ್ರಪಿಂಡ ರೋಗಿಗಳಿಗೂ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಇಷ್ಟು ದೀರ್ಘಕಾಲದ ದುಡಿಮೆಯ ಫಲ ರೋಗಿಗೆ ತಲುಪುವುದು ಆ ಎರಡು ಸರಳ ಪರೀಕ್ಷೆಗಳು ಸಕಾಲಕ್ಕೆ ನಡೆದಾಗ ಮಾತ್ರ.